'ಈಸ್' ಬೇಕೋ, 'ಆರ್' ಬೇಕೋ? ಇಂಗ್ಲಿಷ್ ಕ್ರಿಯಾಪದದ ಗೊಂದಲಗಳಿಗೆ ಕನ್ನಡದ ಕನ್ನಡಿ

ಬೆಂಗಳೂರು: ಕೆಲಸಕ್ಕೆ ಅರ್ಜಿ ಬರೆಯಲು ಕುಳಿತ ಪದವೀಧರನೊಬ್ಬ 'ಒನ್ ಆಫ್ ಮೈ ಟೀಚರ್ಸ್' ಎಂದು ಬರೆದು ಪೆನ್ನು ನಿಲ್ಲಿಸುತ್ತಾನೆ. ಮುಂದೆ ಬರಬೇಕಾದದ್ದು 'ಹ್ಯಾಸ್' ಎಂಬುದೋ, 'ಹ್ಯಾವ್' ಎಂಬುದೋ? ಹಿಂದಿನ ಪದ 'ಟೀಚರ್ಸ್', ಅಂದರೆ ಬಹುವಚನ. ಆದರೆ ಮಾತು ಶುರುವಾದದ್ದು 'ಒನ್' ಎಂಬುದರಿಂದ. ವಿಷಯ ಗೊತ್ತಿದೆ, ಹೇಳಬೇಕಾದ್ದು ಮನಸ್ಸಿನಲ್ಲಿ ಸ್ಪಷ್ಟವಾಗಿದೆ. ಕೈ ಕಟ್ಟಿಹಾಕಿರುವುದು ಒಂದು ಸಣ್ಣ ಕ್ರಿಯಾಪದ.

ಈ ಗೊಂದಲ ಆತನೊಬ್ಬನದಲ್ಲ. ರಾಜ್ಯದಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ಪದ್ಧತಿ ಸರ್ಕಾರಿ ಶಾಲೆಗಳಿಗೆ ಬಂದದ್ದು 2007ರಲ್ಲಿ. ಅದಕ್ಕೂ ಮುಂಚೆ ಕನ್ನಡ ಮಾಧ್ಯಮದಲ್ಲಿ ಓದಿ ಈಗ ಕಚೇರಿ, ಬ್ಯಾಂಕು, ಕಂಪನಿಗಳಲ್ಲಿ ದುಡಿಯುತ್ತಿರುವವರಿಗೆ ಇಂಗ್ಲಿಷ್ ತಡವಾಗಿ ಬಂದ ಅತಿಥಿ. ಸರ್ಕಾರಿ ಬ್ಯಾಂಕುಗಳ ಗುಮಾಸ್ತ ಹುದ್ದೆಯ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಸುವ ತೀರ್ಮಾನವನ್ನು ಕೇಂದ್ರ ಹಣಕಾಸು ಸಚಿವಾಲಯ 2021ರಲ್ಲಿ ಪ್ರಕಟಿಸಿತು. ಆದರೆ ಅದರಲ್ಲಿ ಇಂಗ್ಲಿಷ್ ಭಾಷೆಯ ವಿಭಾಗ ಉಳಿದೇ ಇದೆ. ವಾಕ್ಯದಲ್ಲಿ ತಪ್ಪು ಹುಡುಕುವ ಪ್ರಶ್ನೆಗಳಲ್ಲಿ ಕರ್ತೃ ಮತ್ತು ಕ್ರಿಯಾಪದದ ಹೊಂದಾಣಿಕೆ ಕಾಯಂ ಅತಿಥಿ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ನಾಲ್ಕನೇ ಒಂದು ಭಾಗದಷ್ಟು ಅಂಕ ಕಡಿತವೂ ಉಂಟು. ಹೀಗಾಗಿ 'ಈಸ್' ಮತ್ತು 'ಆರ್' ನಡುವಿನ ಆಯ್ಕೆ ಕೇವಲ ಪಂಡಿತರ ಚರ್ಚೆಯಲ್ಲ, ಅನ್ನದ ಪ್ರಶ್ನೆಯೂ ಹೌದು.

ಸಮಾಧಾನದ ಸಂಗತಿಯೆಂದರೆ, ಈ ನಿಯಮಗಳ ಬೇರು ಬಹಳ ಆಳದ್ದೇನಲ್ಲ. ಕನ್ನಡದ ವ್ಯಾಕರಣವನ್ನು ಪಕ್ಕದಲ್ಲಿಟ್ಟುಕೊಂಡು ನೋಡಿದರೆ ತಪ್ಪು ಎಲ್ಲಿ ಹುಟ್ಟುತ್ತದೆ ಎಂಬುದೂ ತಿಳಿಯುತ್ತದೆ.

ಕನ್ನಡದಲ್ಲಿ ಹೆಚ್ಚು, ಇಂಗ್ಲಿಷಿನಲ್ಲಿ ಕಡಿಮೆ

ಕ್ರಿಯಾಪದವು ಕರ್ತೃವಿಗೆ ಹೊಂದಿಕೊಳ್ಳಬೇಕೆಂಬ ನಿಯಮ ಕನ್ನಡಿಗರಿಗೆ ಹೊಸದಲ್ಲ. 'ಅವನು ಬರುತ್ತಾನೆ, ಅವಳು ಬರುತ್ತಾಳೆ, ಅದು ಬರುತ್ತದೆ, ಅವರು ಬರುತ್ತಾರೆ, ನಾನು ಬರುತ್ತೇನೆ, ನೀನು ಬರುತ್ತೀಯೆ.' ಲಿಂಗ, ವಚನ, ಪುರುಷ ಮೂರನ್ನೂ ಕನ್ನಡದ ಕ್ರಿಯಾಪದ ತನ್ನ ಬಾಲದಲ್ಲಿ ಹೊತ್ತು ನಡೆಯುತ್ತದೆ. ಹದಿಮೂರನೆಯ ಶತಮಾನದ ಕೇಶಿರಾಜನ 'ಶಬ್ದಮಣಿದರ್ಪಣ'ದಿಂದ ಇಂದಿನ ಶಾಲಾ ಪುಸ್ತಕದವರೆಗೆ ಈ ಪ್ರತ್ಯಯಗಳ ಪಾಠ ನಡೆದೇ ಬಂದಿದೆ.

ಇಂಗ್ಲಿಷ್ ಇದಕ್ಕೆ ಹೋಲಿಸಿದರೆ ಬಡವ. ಹಿಂದೊಂದು ಕಾಲದಲ್ಲಿ ಅದಕ್ಕೂ ಪುರುಷಕ್ಕೊಂದು ಪ್ರತ್ಯಯವಿತ್ತು. ಶತಮಾನಗಳು ಕಳೆದಂತೆ ಅವೆಲ್ಲ ಸವೆದು ಹೋದವು. ವರ್ತಮಾನ ಕಾಲದಲ್ಲಿ ಉಳಿದದ್ದು ಒಂದೇ ಒಂದು 'ಎಸ್'. ಅದೂ 'ಹಿ', 'ಶಿ', 'ಇಟ್' ಎಂಬ ಏಕವಚನಗಳಿಗೆ ಮಾತ್ರ. ಆ 'ಎಸ್' ಕೂಡ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ದಕ್ಷಿಣಕ್ಕೆ ಹರಡಿದ್ದು. ದಕ್ಷಿಣದಲ್ಲಿ 'ಎತ್' ಎಂಬ ಪ್ರತ್ಯಯ ನಡೆಯುತ್ತಿತ್ತು. 1611ರ ಕಿಂಗ್ ಜೇಮ್ಸ್ ಬೈಬಲ್‌ನಲ್ಲಿ ಈಗಲೂ ಆ ಹಳೆಯ ರೂಪವೇ ಕಾಣುತ್ತದೆ. ಇಂಗ್ಲೆಂಡಿನ ಪೂರ್ವದ ನಾರ್ಫಕ್ ಪ್ರದೇಶದ ಸಾಂಪ್ರದಾಯಿಕ ಆಡುಮಾತಿನಲ್ಲಂತೂ 'ಹಿ ಗೋ' ಎಂದೇ ರೂಢಿ. ಅಂದರೆ 'ಎಸ್' ಬಿಡುವುದು ಬುದ್ಧಿಯ ಕೊರತೆಯಲ್ಲ. ಅದು ಶಿಷ್ಟ ಬರಹದ ರೂಢಿಗೆ ಹೊರತಾದದ್ದು, ಅಷ್ಟೇ. ಆದರೆ ಅರ್ಜಿ, ಪರೀಕ್ಷೆ, ಸಂದರ್ಶನಗಳು ಕೇಳುವುದು ಆ ಶಿಷ್ಟ ರೂಢಿಯನ್ನೇ.

ಭೂತಕಾಲದಲ್ಲಿ ಇನ್ನೂ ಸುಲಭ. 'ಹಿ ಕೇಮ್, ದೇ ಕೇಮ್, ಐ ಕೇಮ್' ಎಲ್ಲಕ್ಕೂ ಒಂದೇ ರೂಪ. 'ವಾಸ್' ಮತ್ತು 'ವರ್' ಎಂಬ ಜೋಡಿ ಮಾತ್ರ ಅಪವಾದ. 'ಕ್ಯಾನ್', 'ವಿಲ್', 'ಮಸ್ಟ್', 'ಶುಡ್' ಮುಂತಾದವು ಯಾವ ಕರ್ತೃವಿಗೂ ಬದಲಾಗುವುದಿಲ್ಲ.

ಹಾಗಿದ್ದರೂ ತಪ್ಪಾಗುವುದು ಏಕೆ? ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆಗಳನ್ನೂ ಅವುಗಳ ಉತ್ತರಗಳನ್ನೂ ಇಲ್ಲಿ ನೀಡಲಾಗಿದೆ.

ಪ್ರಶ್ನೆ: 'ಎಸ್' ಸೇರಿಸಿದರೆ ಬಹುವಚನವಲ್ಲವೇ? 'ಬಾಯ್ ರನ್ಸ್' ಏಕವಚನ ಹೇಗಾಯಿತು?

ಉತ್ತರ: ಗೊಂದಲದ ಮೊದಲ ಮೂಲ ಇದೇ. ನಾಮಪದಕ್ಕೆ ಸೇರುವ 'ಎಸ್' ಬಹುವಚನದ್ದು. ಕ್ರಿಯಾಪದಕ್ಕೆ ಸೇರುವ 'ಎಸ್' ಏಕವಚನದ್ದು. ಎರಡೂ ಒಂದೇ ಅಕ್ಷರ, ಕೆಲಸ ಮಾತ್ರ ಬೇರೆ. 'ದಿ ಬಾಯ್ ರನ್ಸ್', 'ದಿ ಬಾಯ್ಸ್ ರನ್'. ಸರಳ ವಾಕ್ಯಗಳಲ್ಲಿ 'ಎಸ್' ಎರಡೂ ಕಡೆ ಇದ್ದರೆ, ಅಥವಾ ಎರಡೂ ಕಡೆ ಇಲ್ಲದಿದ್ದರೆ, ಒಮ್ಮೆ ನಿಂತು ನೋಡುವುದು ಒಳಿತು. ಇದು ಕಟ್ಟುನಿಟ್ಟಿನ ನಿಯಮವಲ್ಲ. 'ಚಿಲ್ಡ್ರನ್ ರನ್' ಎಂಬಲ್ಲಿ 'ಎಸ್' ಎಲ್ಲೂ ಇಲ್ಲದಿದ್ದರೂ ವಾಕ್ಯ ಸರಿ. ಆದರೆ ಎಚ್ಚರಿಕೆಯ ಗಂಟೆಯಾಗಿ ಇದು ಉಪಯುಕ್ತ.

ಇನ್ನೊಂದು ಮಾತು. 'ಡಸ್' ಬಂದರೆ 'ಎಸ್' ಅದರಲ್ಲೇ ಸೇರಿಹೋಗಿರುತ್ತದೆ. ಆದ್ದರಿಂದ 'ಹಿ ಡಸ್ ನಾಟ್ ಗೋಸ್' ತಪ್ಪು, 'ಹಿ ಡಸ್ ನಾಟ್ ಗೋ' ಸರಿ. ಕನ್ನಡದಲ್ಲೂ 'ಅವನು ಹೋಗುವುದಿಲ್ಲ' ಎಂದಾಗ 'ತ್ತಾನೆ' ಉಳಿಯುವುದಿಲ್ಲವಷ್ಟೆ.

ಪ್ರಶ್ನೆ: 'ಥರ್ಡ್ ಪರ್ಸನ್' ಎಂದರೆ ಕನ್ನಡದಲ್ಲಿ ಯಾವ ಪುರುಷ?

ಉತ್ತರ: ಪ್ರಥಮ ಪುರುಷ. ಹೆಸರಿನ ಈ ತಿರುವು ಅನೇಕ ವಿದ್ಯಾರ್ಥಿಗಳನ್ನು ದಾರಿ ತಪ್ಪಿಸಿದೆ. ಸಂಸ್ಕೃತ ಪರಂಪರೆಯನ್ನು ಅನುಸರಿಸುವ ಕನ್ನಡ ವ್ಯಾಕರಣದಲ್ಲಿ 'ಅವನು, ಅವಳು, ಅದು' ಪ್ರಥಮ ಪುರುಷ, 'ನೀನು' ಮಧ್ಯಮ ಪುರುಷ, 'ನಾನು' ಉತ್ತಮ ಪುರುಷ. ಇಂಗ್ಲಿಷ್ ಲೆಕ್ಕದಲ್ಲಿ 'ಐ' ಎಂಬುದೇ ಮೊದಲನೆಯದು, 'ಹಿ' ಎಂಬುದು ಮೂರನೆಯದು. ಇಂಗ್ಲಿಷಿನ 'ಫಸ್ಟ್ ಪರ್ಸನ್' ಎಂಬುದನ್ನು ಪದಶಃ 'ಪ್ರಥಮ ಪುರುಷ' ಎಂದುಕೊಂಡರೆ ಇಡೀ ಕೋಷ್ಟಕ ತಲೆಕೆಳಗಾಗುತ್ತದೆ.

ಪ್ರಶ್ನೆ: 'ದಿ ಲಿಸ್ಟ್ ಆಫ್ ಬುಕ್ಸ್' ಎಂದ ಮೇಲೆ 'ಈಸ್' ಹೇಗೆ ಬರುತ್ತದೆ? ಪುಸ್ತಕಗಳು ಹಲವು ಇವೆಯಲ್ಲ?

ಉತ್ತರ: ಪರೀಕ್ಷೆಗಳಲ್ಲಿ ಅತಿ ಹೆಚ್ಚು ಮೋಸಗೊಳಿಸುವ ವಾಕ್ಯರಚನೆ ಇದು. ಇದರ ಗುಟ್ಟು ಎರಡು ಭಾಷೆಗಳ ಪದಕ್ರಮದಲ್ಲಿದೆ. ಕನ್ನಡದಲ್ಲಿ 'ಪುಸ್ತಕಗಳ ಪಟ್ಟಿ ಕಳೆದುಹೋಗಿದೆ' ಎನ್ನುತ್ತೇವೆ. ವಿಶೇಷಣ ಮೊದಲು, ಮುಖ್ಯ ನಾಮಪದ ಆಮೇಲೆ. ಆದ್ದರಿಂದ ಕ್ರಿಯಾಪದದ ಹತ್ತಿರ ನಿಲ್ಲುವುದು 'ಪಟ್ಟಿ'ಯೇ. ಹೊಂದಾಣಿಕೆ ತಾನಾಗಿ ಆಗುತ್ತದೆ. ಇಂಗ್ಲಿಷಿನಲ್ಲಿ ಕ್ರಮ ತಿರುವುಮುರುವು. ಮುಖ್ಯ ನಾಮಪದ 'ಲಿಸ್ಟ್' ಮುಂದೆ ನಿಂತು, 'ಆಫ್ ಬುಕ್ಸ್' ಹಿಂದೆ ಬಂದು, ಕ್ರಿಯಾಪದದ ಪಕ್ಕದಲ್ಲಿ 'ಬುಕ್ಸ್' ಕುಳಿತುಬಿಡುತ್ತದೆ. ಹತ್ತಿರದ ಪದವನ್ನು ನೋಡುವ ಅಭ್ಯಾಸವಿರುವ ಕನ್ನಡಿಗ 'ಆರ್' ಎಂದುಬಿಡುತ್ತಾನೆ. ಇಂಗ್ಲಿಷರೂ ಅವಸರದಲ್ಲಿ ಈ ತಪ್ಪು ಮಾಡುವುದುಂಟು.

ಉಪಾಯ ಸರಳ. 'ಆಫ್' ಎಂಬಲ್ಲಿಂದ ಹಿಡಿದು ಕ್ರಿಯಾಪದದವರೆಗಿನ ಭಾಗದ ಮೇಲೆ ಬೆರಳಿಟ್ಟು ಮುಚ್ಚಬೇಕು. 'ದಿ ಕ್ವಾಲಿಟಿ (ಆಫ್ ದಿ ಮ್ಯಾಂಗೋಸ್) ವಾಸ್ ಗುಡ್.' ಚೆನ್ನಾಗಿದ್ದದ್ದು ಗುಣಮಟ್ಟ. ಆದ್ದರಿಂದ 'ವಾಸ್'. ಅರ್ಧ, ಕಾಲು, ಬಹುಪಾಲು ಎಂಬ ಅಳತೆಯ ಪದಗಳು ಬಂದಾಗ ಮಾತ್ರ ಈ ಬೆರಳಿನ ಉಪಾಯ ನಡೆಯದು. 'ಹಾಫ್ ಆಫ್ ದಿ ರೈಸ್ ಈಸ್', 'ಹಾಫ್ ಆಫ್ ದಿ ಸ್ಟೂಡೆಂಟ್ಸ್ ಆರ್'. ಅಲ್ಲಿ 'ಆಫ್' ನಂತರದ ಪದವೇ ತೀರ್ಮಾನ ಮಾಡುತ್ತದೆ.

ಪ್ರಶ್ನೆ: 'ಒನ್ ಆಫ್ ಮೈ ಫ್ರೆಂಡ್' ಸರಿಯೇ?

ಉತ್ತರ: ಅಲ್ಲ. ಭಾರತದಲ್ಲಿ ಬಹಳ ಸಾಮಾನ್ಯವಾಗಿ ಕೇಳಿಬರುವ ತಪ್ಪು ಇದು. 'ನನ್ನ ಸ್ನೇಹಿತರಲ್ಲಿ ಒಬ್ಬ' ಎಂಬ ಕನ್ನಡದ ಮಾತನ್ನೇ ನೋಡಿ. 'ಸ್ನೇಹಿತರಲ್ಲಿ' ಬಹುವಚನ, 'ಒಬ್ಬ' ಏಕವಚನ. ಇಂಗ್ಲಿಷಿನಲ್ಲೂ ಅದೇ: 'ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್'. ಅರ್ಜಿಯ ಮುಂದೆ ಕುಳಿತ ಪದವೀಧರನಿಗೂ ಉತ್ತರ ಇಲ್ಲೇ ಸಿಗುತ್ತದೆ: 'ಒನ್ ಆಫ್ ಮೈ ಟೀಚರ್ಸ್ ಹ್ಯಾಸ್'.

ಆದರೆ 'ಹಿ ಈಸ್ ಒನ್ ಆಫ್ ದೋಸ್ ಹು ವರ್ಕ್ ಹಾರ್ಡ್' ಎಂಬಲ್ಲಿ 'ವರ್ಕ್' ಬಹುವಚನವೇ. ಏಕೆಂದರೆ ಕಷ್ಟಪಟ್ಟು ದುಡಿಯುವವರು ಹಲವರು, ಆತ ಅವರಲ್ಲಿ ಒಬ್ಬ. 'ಹು' ಎಂಬುದು 'ದೋಸ್' ಎಂಬ ಪದವನ್ನು ಸೂಚಿಸುತ್ತದೆ.

ಪ್ರಶ್ನೆ: 'ಎಲ್ಲರೂ ಬಂದಿದ್ದಾರೆ' ಎಂಬುದಕ್ಕೆ 'ಎವ್ರಿಬಡಿ ಹ್ಯಾವ್ ಕಮ್' ಎನ್ನಬಹುದೇ?

ಉತ್ತರ: ಶಿಷ್ಟ ಇಂಗ್ಲಿಷಿನಲ್ಲಿ 'ಎವ್ರಿಬಡಿ ಹ್ಯಾಸ್ ಕಮ್'. ಕನ್ನಡದಲ್ಲಿ 'ಎಲ್ಲರೂ', 'ಪ್ರತಿಯೊಬ್ಬರೂ' ಎರಡಕ್ಕೂ ಬಹುವಚನದ ಕ್ರಿಯಾಪದ ಹಾಕುವ ರೂಢಿ ಇರುವುದರಿಂದ ಈ ತಪ್ಪು ನುಸುಳುತ್ತದೆ. ಇಂಗ್ಲಿಷ್ ಮಾತ್ರ 'ಎವ್ರಿ', 'ಈಚ್', 'ಎನಿಬಡಿ', 'ನೋಬಡಿ' ಎಂಬ ಪದಗಳನ್ನು ಒಬ್ಬೊಬ್ಬರನ್ನಾಗಿ ಎಣಿಸುತ್ತದೆ. 'ಈಚ್ ಆಫ್ ದಿ ಬಾಯ್ಸ್ ವಾಸ್ ಗಿವನ್ ಎ ಬುಕ್.' 'ಮೆನಿ ಎ' ಎಂದು ಶುರುವಾಗುವ ಮಾತಿಗೂ ಏಕವಚನವೇ. 'ಮೋರ್ ದ್ಯಾನ್ ಒನ್' ಎಂಬುದರ ಅರ್ಥ ಒಂದಕ್ಕಿಂತ ಹೆಚ್ಚು ಎಂದಾದರೂ 'ಮೋರ್ ದ್ಯಾನ್ ಒನ್ ಹೌಸ್ ವಾಸ್' ಎಂದೇ ಬರೆಯುತ್ತಾರೆ. ಇಲ್ಲಿ ತರ್ಕಕ್ಕಿಂತ ರೂಢಿಯೇ ಬಲ.

'ನನ್' ಎಂಬ ಪದದ ವಿಷಯದಲ್ಲಿ ಹಳೆಯ ಮೇಷ್ಟರುಗಳು ಏಕವಚನವೇ ಸರಿ ಎಂದು ಪಟ್ಟು ಹಿಡಿಯುತ್ತಿದ್ದರು. ವಾಸ್ತವವಾಗಿ ಏಕವಚನ, ಬಹುವಚನ ಎರಡೂ ಶತಮಾನಗಳಿಂದ ಬಳಕೆಯಲ್ಲಿವೆ. 'ನನ್ ಆಫ್ ದೆಮ್ ಆರ್' ಎಂದರೆ ತಪ್ಪಿಲ್ಲ.

ಪ್ರಶ್ನೆ: 'ಅಲಾಂಗ್ ವಿತ್', 'ಆಸ್ ವೆಲ್ ಆಸ್' ಬಂದರೆ ಇಬ್ಬರಾದರಲ್ಲ? ಬಹುವಚನ ಬೇಡವೇ?

ಉತ್ತರ: ಬೇಡ. ಇದಕ್ಕೆ ಕನ್ನಡದಲ್ಲೇ ಅಂದವಾದ ಉದಾಹರಣೆ ಇದೆ. 'ರಾಮನೂ ಲಕ್ಷ್ಮಣನೂ ಕಾಡಿಗೆ ಹೋದರು' ಎನ್ನುತ್ತೇವೆ. ಆದರೆ 'ರಾಮನು ಲಕ್ಷ್ಮಣನೊಡನೆ ಕಾಡಿಗೆ ಹೋದನು' ಎನ್ನುವಾಗ ಕ್ರಿಯಾಪದ ಏಕವಚನ. ಹೋದವರು ಇಬ್ಬರೇ ಆದರೂ ವಾಕ್ಯದ ಕರ್ತೃ ಒಬ್ಬನೇ. ಇಂಗ್ಲಿಷಿನ 'ಆ್ಯಂಡ್' ನಮ್ಮ 'ಊ' ಇದ್ದಂತೆ. 'ಅಲಾಂಗ್ ವಿತ್', 'ಟುಗೆದರ್ ವಿತ್', 'ಆಸ್ ವೆಲ್ ಆಸ್' ನಮ್ಮ 'ಒಡನೆ' ಇದ್ದಂತೆ. 'ದಿ ಮಿನಿಸ್ಟರ್, ಅಲಾಂಗ್ ವಿತ್ ಹಿಸ್ ಆಫೀಸರ್ಸ್, ವಾಸ್ ಪ್ರೆಸೆಂಟ್.' ಕನ್ನಡ ಬಲ್ಲವರಿಗೆ ಈ ನಿಯಮ ಬಾಯಿಪಾಠ ಮಾಡುವ ಅಗತ್ಯವೇ ಇಲ್ಲ.

'ಆ್ಯಂಡ್' ಇದ್ದೂ ಏಕವಚನ ಬರುವ ಸಂದರ್ಭಗಳಿವೆ. ಎರಡು ವಸ್ತು ಸೇರಿ ಒಂದೇ ತಿಂಡಿಯಾದಾಗ 'ಬ್ರೆಡ್ ಆ್ಯಂಡ್ ಬಟರ್ ಈಸ್' ಎನ್ನುತ್ತಾರೆ. ಒಬ್ಬರೇ ಎರಡು ಹುದ್ದೆ ಹೊಂದಿದ್ದರೆ 'ದಿ ಸೆಕ್ರೆಟರಿ ಆ್ಯಂಡ್ ಟ್ರೆಷರರ್ ಈಸ್', ಇಬ್ಬರು ಬೇರೆ ಬೇರೆಯಾದರೆ 'ದಿ ಸೆಕ್ರೆಟರಿ ಆ್ಯಂಡ್ ದಿ ಟ್ರೆಷರರ್ ಆರ್'. ಎರಡನೆಯ 'ದಿ' ಇಲ್ಲಿ ಒಬ್ಬ ಮನುಷ್ಯನನ್ನೇ ಹೆಚ್ಚಿಸುತ್ತದೆ!

ಪ್ರಶ್ನೆ: 'ಐದರ್-ಆರ್', 'ನೈದರ್-ನಾರ್' ಬಂದಾಗ?

ಉತ್ತರ: ಇಲ್ಲಿ ಮಾತ್ರ ಹತ್ತಿರದ ಪದಕ್ಕೆ ಗೌರವ. 'ನೈದರ್ ದಿ ಮ್ಯಾನೇಜರ್ ನಾರ್ ದಿ ಕ್ಲರ್ಕ್ಸ್ ವರ್ ಪ್ರೆಸೆಂಟ್.' ಸ್ಥಾನ ಬದಲಿಸಿದರೆ '...ನಾರ್ ದಿ ಮ್ಯಾನೇಜರ್ ವಾಸ್'. ಬಹುವಚನದ ಪದವನ್ನು ಎರಡನೆಯದಾಗಿ ಇಟ್ಟು ಬಹುವಚನದ ಕ್ರಿಯಾಪದ ಬಳಸಿದರೆ ಕಿವಿಗೂ ಹಿತ. 'ಐದರ್ ಯು ಆರ್ ಐ' ಎಂದು ಶುರುಮಾಡಿ ಮುಂದೆ 'ಆ್ಯಮ್' ಎನ್ನಲು ಮನಸ್ಸು ಬಾರದಿದ್ದರೆ ವಾಕ್ಯವನ್ನೇ ಬದಲಿಸಿ ಬರೆಯುವುದು ಜಾಣತನ.

ಪ್ರಶ್ನೆ: 'ಎ ನಂಬರ್ ಆಫ್', 'ದಿ ನಂಬರ್ ಆಫ್' ಎರಡೂ ಒಂದೇ ಅಲ್ಲವೇ?

ಉತ್ತರ: ಅಲ್ಲ. 'ಹಲವು ಅಪಘಾತಗಳು ಸಂಭವಿಸಿವೆ' ಎಂಬುದು 'ಎ ನಂಬರ್ ಆಫ್ ಆ್ಯಕ್ಸಿಡೆಂಟ್ಸ್ ಹ್ಯಾವ್'. 'ಅಪಘಾತಗಳ ಸಂಖ್ಯೆ ಹೆಚ್ಚಿದೆ' ಎಂಬುದು 'ದಿ ನಂಬರ್ ಆಫ್ ಆ್ಯಕ್ಸಿಡೆಂಟ್ಸ್ ಹ್ಯಾಸ್'. ಕನ್ನಡಕ್ಕೆ ತಿರುಗಿಸಿ ನೋಡಿದರೆ 'ಹಲವು' ಬರುತ್ತದೋ 'ಸಂಖ್ಯೆ' ಬರುತ್ತದೋ ಎಂಬುದೇ ಉತ್ತರ ಹೇಳುತ್ತದೆ.

ಪ್ರಶ್ನೆ: ಐನೂರು ರೂಪಾಯಿ ಎಂಬುದು ಬಹುವಚನವಲ್ಲವೇ?

ಉತ್ತರ: 'ಐನೂರು ರೂಪಾಯಿ ಸಾಕಾಗುತ್ತದೆ', 'ಹತ್ತು ಕಿಲೋಮೀಟರ್ ದೂರ ಇದೆ' ಎಂದು ಕನ್ನಡದಲ್ಲಿ ಹೇಳುವಂತೆಯೇ ಇಂಗ್ಲಿಷಿನಲ್ಲೂ ಒಟ್ಟು ಮೊತ್ತ, ದೂರ, ಕಾಲಾವಧಿಗಳನ್ನು ಒಂದೇ ಗಂಟಾಗಿ ಎಣಿಸುತ್ತಾರೆ. 'ಫೈವ್ ಹಂಡ್ರೆಡ್ ರುಪೀಸ್ ಈಸ್ ಎನಫ್.' ಇಲ್ಲಿ ನಮ್ಮ ಅಭ್ಯಾಸ ನಮ್ಮ ಪರ.

ಆದರೆ ಅದೇ ಅಭ್ಯಾಸ ಬೇರೆಡೆ ಕೈಕೊಡುತ್ತದೆ. ಆಡುಮಾತಿನಲ್ಲಿ 'ನಾಲ್ಕು ಬಸ್ಸು ಬಂತು' ಎನ್ನುತ್ತೇವೆ. ನಪುಂಸಕ ಲಿಂಗದ ವಸ್ತುಗಳಿಗೆ ಸಂಖ್ಯೆ ಹೇಳಿದ ಮೇಲೆ ನಾಮಪದಕ್ಕೂ ಕ್ರಿಯಾಪದಕ್ಕೂ ಬಹುವಚನ ಹಾಕುವ ಶ್ರಮವನ್ನು ನಾಲಗೆ ತೆಗೆದುಕೊಳ್ಳುವುದಿಲ್ಲ. ಇಂಗ್ಲಿಷಿನಲ್ಲಿ ಆ ವಿನಾಯಿತಿ ಇಲ್ಲ. 'ಫೋರ್ ಬಸಸ್ ಹ್ಯಾವ್ ಕಮ್' ಎಂದು ಎರಡೂ ಕಡೆ ತೋರಿಸಲೇಬೇಕು.

ಪ್ರಶ್ನೆ: 'ನ್ಯೂಸ್', 'ಪೊಲೀಸ್', 'ಫರ್ನಿಚರ್' ಇವುಗಳ ಲೆಕ್ಕ ಹೇಗೆ?

ಉತ್ತರ: ರೂಪ ಒಂದು, ಲೆಕ್ಕ ಇನ್ನೊಂದು ಆಗಿರುವ ಪದಗಳಿವು. ಇವನ್ನು ಗುಂಪು ಮಾಡಿ ನೆನಪಿಟ್ಟುಕೊಳ್ಳುವುದೇ ದಾರಿ.

'ಎಸ್' ಇದ್ದೂ ಏಕವಚನ: 'ನ್ಯೂಸ್', 'ಮ್ಯಾಥಮ್ಯಾಟಿಕ್ಸ್', 'ಫಿಸಿಕ್ಸ್', 'ಮೀಸಲ್ಸ್'. ಆದ್ದರಿಂದ 'ದಿ ನ್ಯೂಸ್ ಈಸ್ ಗುಡ್'.

'ಎಸ್' ಇಲ್ಲದೆಯೂ ಬಹುವಚನ: 'ಪೊಲೀಸ್', 'ಪೀಪಲ್', 'ಕ್ಯಾಟಲ್'. ಆದ್ದರಿಂದ 'ದಿ ಪೊಲೀಸ್ ಹ್ಯಾವ್ ಅರೆಸ್ಟೆಡ್'. ನಾವು 'ಪೊಲೀಸರು ಬಂಧಿಸಿದ್ದಾರೆ' ಎನ್ನುವುದನ್ನು ನೆನೆದರೆ ಸಾಕು.

ಎಂದೂ ಬಹುವಚನವಾಗದವು: 'ಫರ್ನಿಚರ್', 'ಲಗೇಜ್', 'ಇನ್ಫರ್ಮೇಷನ್', 'ಅಡ್ವೈಸ್', 'ಇಕ್ವಿಪ್ಮೆಂಟ್'. ನಮ್ಮಲ್ಲಿ 'ಫರ್ನಿಚರ್ಸ್' ಎಂಬ ಫಲಕಗಳು ಬೇಕಾದಷ್ಟು ಕಂಡರೂ ಪರೀಕ್ಷಕರು ಅದನ್ನು ಒಪ್ಪುವುದಿಲ್ಲ.

ಜೋಡಿ ವಸ್ತುಗಳು: 'ಟ್ರೌಸರ್ಸ್', 'ಸಿಸರ್ಸ್', 'ಸ್ಪೆಕ್ಟಕಲ್ಸ್'. ಕನ್ನಡದಲ್ಲಿ 'ಕತ್ತರಿ ಎಲ್ಲಿದೆ', 'ಕನ್ನಡಕ ಎಲ್ಲಿದೆ' ಎಂದು ಒಂದಾಗಿ ಕೇಳುತ್ತೇವೆ. ಇಂಗ್ಲಿಷಿನಲ್ಲಿ 'ವೇರ್ ಆರ್ ದಿ ಸಿಸರ್ಸ್'. 'ಎ ಪೇರ್ ಆಫ್' ಎಂದು ಸೇರಿಸಿದರೆ ಮಾತ್ರ 'ಈಸ್'.

'ಡೇಟಾ' ಎಂಬುದು ಲ್ಯಾಟಿನ್ ಮೂಲದಲ್ಲಿ ಬಹುವಚನ. ವೈಜ್ಞಾನಿಕ ಲೇಖನಗಳಲ್ಲಿ 'ಡೇಟಾ ಆರ್' ಎಂದು ಬರೆಯುವವರು ಇಂದಿಗೂ ಇದ್ದಾರೆ. ದಿನಬಳಕೆಯಲ್ಲಿ 'ಡೇಟಾ ಈಸ್' ನೆಲೆನಿಂತಿದೆ. ಆದರೆ 'ಕ್ರೈಟೀರಿಯಾ' ಇನ್ನೂ ಬಹುವಚನವೇ. ಒಂದೇ ಮಾನದಂಡವಿದ್ದರೆ 'ಕ್ರೈಟೀರಿಯನ್' ಎನ್ನಬೇಕು.

ಪ್ರಶ್ನೆ: ಕ್ರಿಕೆಟ್ ವರದಿಯಲ್ಲಿ 'ಇಂಡಿಯಾ ಆರ್' ಎಂದು ಬರೆಯುತ್ತಾರಲ್ಲ, ಅದು ತಪ್ಪೇ?

ಉತ್ತರ: ತಪ್ಪಲ್ಲ. ಅದು ಬ್ರಿಟಿಷ್ ಪದ್ಧತಿ. 'ಟೀಮ್', 'ಕಮಿಟಿ', 'ಗವರ್ನಮೆಂಟ್', 'ಸ್ಟಾಫ್' ಮುಂತಾದ ಸಮೂಹವಾಚಕ ಪದಗಳನ್ನು ಬ್ರಿಟಿಷರು ಏಕವಚನವಾಗಿಯೂ ಬಹುವಚನವಾಗಿಯೂ ಬಳಸುತ್ತಾರೆ. ಕ್ರೀಡಾ ತಂಡದ ಮಾತು ಬಂದಾಗ ಬಹುವಚನವೇ ಹೆಚ್ಚು. ಹನ್ನೊಂದು ಜನ ಆಡುತ್ತಿರುವ ಚಿತ್ರ ಅದರಲ್ಲಿದೆ. ಅಮೆರಿಕನ್ನರು ಸಾಮಾನ್ಯವಾಗಿ 'ದಿ ಟೀಮ್ ಈಸ್' ಎನ್ನುತ್ತಾರೆ. ದೇಶವನ್ನು ದೇಶವಾಗಿ ಹೇಳುವಾಗ ಎಲ್ಲರಿಗೂ 'ಇಂಡಿಯಾ ಈಸ್'. ಪರೀಕ್ಷೆಯ ದೃಷ್ಟಿಯಿಂದ ನೆನಪಿಡಬೇಕಾದದ್ದು ಇಷ್ಟೆ: ಗುಂಪು ಒಂದಾಗಿ ವರ್ತಿಸಿದರೆ ಏಕವಚನ, ಸದಸ್ಯರಲ್ಲಿ ಭಿನ್ನಮತವಿದ್ದರೆ ಬಹುವಚನ. 'ದಿ ಜ್ಯೂರಿ ವರ್ ಡಿವೈಡೆಡ್.'

ಒಂದು ದೇಶದ ಹೆಸರೇ ಬಹುವಚನದಿಂದ ಏಕವಚನಕ್ಕೆ ಬಂದ ಕಥೆಯೂ ಇದೆ. ಅಮೆರಿಕದ ಸಂವಿಧಾನ 'ಯುನೈಟೆಡ್ ಸ್ಟೇಟ್ಸ್' ಎಂಬುದನ್ನು ಬಹುವಚನವಾಗಿ ಎಣಿಸುತ್ತದೆ. ದೇಶದ್ರೋಹದ ವ್ಯಾಖ್ಯೆ ನೀಡುವ ವಿಧಿಯಲ್ಲಿ ದೇಶವನ್ನು 'ದೆಮ್', ಅಂದರೆ 'ಅವುಗಳು' ಎಂದೇ ಕರೆಯಲಾಗಿದೆ. ಗುಲಾಮಗಿರಿಯನ್ನು ರದ್ದು ಮಾಡಿದ 1865ರ ಹದಿಮೂರನೆಯ ತಿದ್ದುಪಡಿಯಲ್ಲೂ 'ದೇರ್' ಎಂಬ ಬಹುವಚನವಿದೆ. 1861ರಿಂದ 1865ರವರೆಗಿನ ಅಂತರ್ಯುದ್ಧದ ನಂತರದ ದಶಕಗಳಲ್ಲಿ 'ದಿ ಯುನೈಟೆಡ್ ಸ್ಟೇಟ್ಸ್ ಈಸ್' ಎಂಬ ಪ್ರಯೋಗ ಕ್ರಮೇಣ ಗಟ್ಟಿಯಾಯಿತು. ಹಲವು ರಾಜ್ಯಗಳ ಕೂಟವೋ, ಒಂದೇ ರಾಷ್ಟ್ರವೋ ಎಂಬ ಪ್ರಶ್ನೆಯ ಗುರುತು ಕ್ರಿಯಾಪದದಲ್ಲೂ ಉಳಿದಿದೆ.

ಪ್ರಶ್ನೆ: ಒಬ್ಬರಿಗೇ 'ದೇ ಆರ್' ಎನ್ನುವುದು ಸರಿಯೇ? ಗೌರವಕ್ಕೆ ಬಹುವಚನ ಬಳಸಬಹುದೇ?

ಉತ್ತರ: ಇವು ಎರಡು ಬೇರೆ ಪ್ರಶ್ನೆಗಳು. ಮೊದಲು ಗೌರವದ ಮಾತು. 'ನಮ್ಮ ತಂದೆ ಬೆಳಿಗ್ಗೆ ಬೇಗ ಏಳುತ್ತಾರೆ' ಎಂಬಲ್ಲಿ ಕನ್ನಡ ಒಬ್ಬರಿಗೇ ಬಹುವಚನ ಕೊಡುತ್ತದೆ. ಇಂಗ್ಲಿಷಿನಲ್ಲಿ ಗೌರವ ಕ್ರಿಯಾಪದಕ್ಕೆ ತಟ್ಟುವುದಿಲ್ಲ. 'ಮೈ ಫಾದರ್ ಗೆಟ್ಸ್ ಅಪ್ ಅರ್ಲಿ' ಎಂದೇ ಹೇಳಬೇಕು. ತಂದೆಗೆ 'ಎಸ್' ಹಚ್ಚಿದರೆ ಅಗೌರವವೇನೂ ಇಲ್ಲ.

ಆದರೆ ಇಂಗ್ಲಿಷಿಗೂ ಇಂಥ ಗೌರವದ ಇತಿಹಾಸವಿದೆ. ಅಲ್ಲಿ 'ದೌ' ಎಂಬ ಏಕವಚನದ 'ನೀನು' ಇತ್ತು. 'ಯು' ಎಂಬುದು ಮೂಲತಃ ಬಹುವಚನ. ಮರ್ಯಾದೆಗಾಗಿ ಒಬ್ಬರಿಗೂ 'ಯು' ಎನ್ನುತ್ತಾ ಎನ್ನುತ್ತಾ ಸಾಮಾನ್ಯ ಬಳಕೆಯಿಂದ 'ದೌ' ಮರೆಯಾಯಿತು. ಅಂದರೆ ಇಂಗ್ಲಿಷರು ಎಲ್ಲರನ್ನೂ 'ನೀವು' ಎನ್ನತೊಡಗಿ 'ನೀನು' ಕಳೆದುಕೊಂಡರು. ಒಬ್ಬನೇ ಎದುರಿಗಿದ್ದರೂ 'ಯು ಆರ್' ಎನ್ನುವುದು ಈ ಕಾರಣದಿಂದ. ಹದಿನೆಂಟನೆಯ ಶತಮಾನದಲ್ಲಿ ಒಬ್ಬರಿಗೆ 'ಯು ವಾಸ್' ಎನ್ನುವ ರೂಢಿಯೂ ಇತ್ತು. 1762ರಲ್ಲಿ ಪ್ರಕಟವಾದ ರಾಬರ್ಟ್ ಲೌತ್‌ನ ವ್ಯಾಕರಣ ಅದನ್ನು ತಪ್ಪೆಂದು ಸಾರಿತು.

ಸ್ತ್ರೀ ಪುರುಷ ಭೇದ ತಿಳಿಯದಿದ್ದಾಗ, ಅಥವಾ ಹೇಳಬೇಕಿಲ್ಲದಾಗ, ಒಬ್ಬರಿಗೇ 'ದೇ' ಬಳಸುವ ಪದ್ಧತಿ ಈಗ ಬಲಗೊಂಡಿದೆ. ಅಮೆರಿಕದ ಮೆರಿಯಮ್-ವೆಬ್‌ಸ್ಟರ್ ನಿಘಂಟು 2019ರಲ್ಲಿ 'ದೇ' ಎಂಬುದನ್ನೇ ವರ್ಷದ ಪದವೆಂದು ಆರಿಸಿತು. ಆಗಲೂ ಕ್ರಿಯಾಪದ 'ಆರ್' ಎಂದೇ ಇರುತ್ತದೆ, 'ಈಸ್' ಆಗುವುದಿಲ್ಲ. 'ಅವರು ಬಂದರು' ಎಂದು ಹೇಳಿ ಗಂಡೋ ಹೆಣ್ಣೋ, ಒಬ್ಬರೋ ಹಲವರೋ ಎಂಬುದನ್ನು ಸಂದರ್ಭಕ್ಕೆ ಬಿಡುವ ಕನ್ನಡಿಗರಿಗೆ ಇದರಲ್ಲಿ ಅಚ್ಚರಿಯೇನಿಲ್ಲ.

ಪ್ರಶ್ನೆ: 'ಇಫ್ ಐ ವರ್' ಎಂಬಲ್ಲಿ 'ವಾಸ್' ಏಕಿಲ್ಲ? 'ಲಾಂಗ್ ಲಿವ್ ದಿ ಕಿಂಗ್' ಎಂಬಲ್ಲಿ 'ಎಸ್' ಎಲ್ಲಿ ಹೋಯಿತು?

ಉತ್ತರ: ಇವು ನಡೆದ ಸಂಗತಿಗಳಲ್ಲ, ಕಲ್ಪನೆ ಮತ್ತು ಹಾರೈಕೆಗಳು. 'ನಾನು ನೀನಾಗಿದ್ದರೆ' ಎಂಬುದು ಎಂದೂ ಆಗದ ಮಾತು. ಅದನ್ನು ತೋರಿಸಲು 'ವರ್'. ಆಡುಮಾತಿನಲ್ಲಿ 'ಇಫ್ ಐ ವಾಸ್' ಕೂಡ ಕೇಳುತ್ತದೆ. ಬರವಣಿಗೆಯಲ್ಲಿ 'ವರ್' ಬಳಸುವುದು ಕ್ಷೇಮ. ಹಾರೈಕೆಯಲ್ಲಿ ಕನ್ನಡವೂ ಹೊಂದಾಣಿಕೆಯನ್ನು ಕೈಬಿಡುತ್ತದೆ. 'ಅವನು ಬಾಳಲಿ, ಅವಳು ಬಾಳಲಿ, ಅವರು ಬಾಳಲಿ' ಎಲ್ಲಕ್ಕೂ ಒಂದೇ 'ಬಾಳಲಿ'. ಇಂಗ್ಲಿಷಿನ 'ಲಿವ್' ಇಲ್ಲಿ ಅದೇ ಕೆಲಸ ಮಾಡುತ್ತಿದೆ. 'ದಿ ಕೋರ್ಟ್ ಆರ್ಡರ್ಡ್ ದ್ಯಾಟ್ ಹಿ ಪೇ' ಎಂಬಲ್ಲಿ 'ಪೇಸ್' ಬಾರದಿರುವುದಕ್ಕೂ ಇದೇ ಕಾರಣ. ಆತ ಪಾವತಿ ಮಾಡಲಿ ಎಂಬ ಆದೇಶ ಅದು.

ತಪ್ಪಾದರೆ ಅರ್ಥ ಕೆಡುವುದೇ?

ಬಹುತೇಕ ಸಂದರ್ಭಗಳಲ್ಲಿ ಇಲ್ಲ. 'ಹಿ ಗೋ' ಎಂದರೂ ಕೇಳುವವನಿಗೆ ಅರ್ಥವಾಗುತ್ತದೆ. ಕಾನೂನು ಕೂಡ ವಚನದ ವಿಷಯದಲ್ಲಿ ಉದಾರಿ. ಭಾರತದ 1897ರ ಸಾಮಾನ್ಯ ಖಂಡಗಳ ಅಧಿನಿಯಮದ 13ನೆಯ ಕಲಮಿನ ಪ್ರಕಾರ, ಸಂದರ್ಭಕ್ಕೆ ವಿರುದ್ಧವಾಗದಿದ್ದರೆ, ಕೇಂದ್ರದ ಕಾಯಿದೆಗಳಲ್ಲಿ ಏಕವಚನದ ಪದ ಬಹುವಚನವನ್ನೂ, ಬಹುವಚನದ ಪದ ಏಕವಚನವನ್ನೂ ಒಳಗೊಳ್ಳುತ್ತದೆ. 'ವ್ಯಕ್ತಿ' ಎಂದು ಬರೆದಿದೆ, ನಾವು ಇಬ್ಬರಿದ್ದೇವೆ ಎಂದು ವಾದಿಸಿ ತಪ್ಪಿಸಿಕೊಳ್ಳಲು ಬರುವುದಿಲ್ಲ.

ಆದರೆ ಸಮಾಜ ಕಾನೂನಿನಷ್ಟು ಉದಾರಿಯಲ್ಲ. ಅರ್ಜಿಯ ಮೊದಲ ಸಾಲಿನಲ್ಲೇ 'ಐ ಹ್ಯಾಸ್' ಎಂದಿದ್ದರೆ ಮುಂದಿನ ಸಾಲುಗಳ ಅರ್ಹತೆಯನ್ನು ಓದುವವರ ಕಣ್ಣು ಸಡಿಲವಾಗುತ್ತದೆ. ಇದು ನ್ಯಾಯವೋ ಅಲ್ಲವೋ ಎಂಬುದು ಬೇರೆ ಚರ್ಚೆ. ಕನ್ನಡದಲ್ಲಿ ಮೂರು ಲಿಂಗ, ಎರಡು ವಚನ, ಮೂರು ಪುರುಷಗಳನ್ನು ದಿನವಿಡೀ ತಪ್ಪಿಲ್ಲದೆ ನಿಭಾಯಿಸುವ ನಾಲಗೆ ಒಂದು 'ಎಸ್' ಕಲಿಯಲಾರದು ಎಂಬುದಂತೂ ಸುಳ್ಳು. ಮೊಬೈಲ್ ಮತ್ತು ಕಂಪ್ಯೂಟರಿನ ವ್ಯಾಕರಣ ತಿದ್ದುವ ತಂತ್ರಾಂಶಗಳು ಇಂದು ಇಂಥ ತಪ್ಪುಗಳ ಕೆಳಗೆ ಗೆರೆ ಎಳೆದು ತೋರಿಸುತ್ತವೆ. ಆದರೆ ಪರೀಕ್ಷಾ ಕೊಠಡಿಯಲ್ಲಿ, ಸಂದರ್ಶನದ ಮೇಜಿನ ಎದುರು ಅವು ಜೊತೆಗಿರುವುದಿಲ್ಲ.

ಬರೆದ ಮೇಲೆ ಮೂರು ಪ್ರಶ್ನೆ

ಇಂಗ್ಲಿಷಿನಲ್ಲಿ ಏನನ್ನೇ ಬರೆದರೂ ಕಳುಹಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಹೆಚ್ಚಿನ ತಪ್ಪುಗಳು ಸಿಕ್ಕಿಬೀಳುತ್ತವೆ.

1. ಈ ವಾಕ್ಯದಲ್ಲಿ ಕೆಲಸ ಮಾಡುತ್ತಿರುವವರು ಯಾರು? 'ಆಫ್', 'ವಿತ್' ಎಂಬ ಪದಗಳ ಹಿಂದೆ ಬಂದವರನ್ನು ಬದಿಗಿಟ್ಟು ನಿಜವಾದ ಕರ್ತೃವನ್ನು ಹುಡುಕಬೇಕು. 'ದೇರ್ ಈಸ್', 'ದೇರ್ ಆರ್' ಎಂದು ವಾಕ್ಯ ಶುರುವಾದರೆ ಕರ್ತೃ ಮುಂದೆ ಇರುತ್ತದೆ ಎಂಬುದನ್ನು ಮರೆಯಬಾರದು.

2. ಇಂಗ್ಲಿಷ್ ಅದನ್ನು ಒಂದು ಎಂದು ಎಣಿಸುತ್ತದೆಯೋ, ಹಲವು ಎಂದೋ? ಇಲ್ಲಿ ಕನ್ನಡದ ಎಣಿಕೆ ಕೆಲವೊಮ್ಮೆ ನೆರವಾಗುತ್ತದೆ, ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. 'ಎವ್ರಿಬಡಿ', 'ಸಿಸರ್ಸ್', 'ಫರ್ನಿಚರ್' ಎಂಬ ಮೂರನ್ನು ನೆನಪಿನಲ್ಲಿಟ್ಟರೆ ಉಳಿದವು ಜೊತೆಗೆ ಬರುತ್ತವೆ.

3. 'ಎಸ್' ಎಷ್ಟು ಕಡೆ ಬಂದಿದೆ? 'ಡಸ್', 'ಕ್ಯಾನ್', 'ವಿಲ್' ಇದ್ದ ಮೇಲೂ ಮುಖ್ಯ ಕ್ರಿಯಾಪದಕ್ಕೆ ಅದು ಅಂಟಿಕೊಂಡಿದ್ದರೆ ಕಿತ್ತುಹಾಕಬೇಕು.

ದಿನಕ್ಕೆ ಹತ್ತು ನಿಮಿಷ ಇಂಗ್ಲಿಷ್ ಪತ್ರಿಕೆಯ ಒಂದು ಸುದ್ದಿಯನ್ನು ತೆಗೆದುಕೊಂಡು, ಪ್ರತಿ ಕ್ರಿಯಾಪದಕ್ಕೂ ಅದರ ಕರ್ತೃವಿನವರೆಗೆ ಪೆನ್ಸಿಲ್ಲಿನಲ್ಲಿ ಒಂದು ಗೆರೆ ಎಳೆಯುವ ಅಭ್ಯಾಸ ಮಾಡಿದರೆ ನಿಯಮಗಳು ಪುಸ್ತಕದಿಂದ ಕಣ್ಣಿಗೆ ಇಳಿಯುತ್ತವೆ. ಆಮೇಲೆ 'ಒನ್ ಆಫ್ ಮೈ ಟೀಚರ್ಸ್' ಎಂಬಲ್ಲಿ ಪೆನ್ನು ನಿಲ್ಲಬೇಕಾಗಿಲ್ಲ.